ಹತ್ತಕ್ಕೆ ಆರು

ಅಮ್ಮ ತನ್ನ ಮೂವತ್ತೊಂದು ವರ್ಷದ ನೌಕರಿಯಲ್ಲಿ ಯಾರಿಗೂ ಹತ್ತಕ್ಕೆ ಆರಕ್ಕಿಂತ ಹೆಚ್ಚು ಅಂಕ ಕೊಟ್ಟವಳಲ್ಲ. ಇದು ನಾನು ಉಪ್ಪುಖಾರ ಹಚ್ಚಿ ಹೇಳುವ ಮಾತಲ್ಲ. ಮುಖ್ಯೋಪಾಧ್ಯಾಯರೇ ಒಮ್ಮೆ ಕರೆದು, "ಟೀಚರ್, ಸ್ವಲ್ಪ ಕೈ ಸಡಿಲ ಬಿಡಿ, ಮಕ್ಕಳ ಅಪ್ಪ ಅಮ್ಮ ಬಂದು ನನ್ನ ತಲೆ ತಿಂತಿದ್ದಾರೆ" ಅಂದಿದ್ದರಂತೆ. ಅಮ್ಮ, "ಏಳು ಕೊಡೋ ಅಂಥದ್ದು ಬರೀಲಿ, ಕೊಡ್ತೀನಿ" ಅಂದು ಎದ್ದು ಬಂದಿದ್ದಳು. ಯಾರೂ ಬರೆಯಲಿಲ್ಲ. ಅವಳು ಕಲಿಸುತ್ತಿದ್ದದ್ದು ಭಾಷೆ. ಭಾಷೆಯಲ್ಲಿ ತಪ್ಪು ಹುಡುಕಲು ಕೂತರೆ ಸಿಕ್ಕೇ ಸಿಗುತ್ತದೆ.

ಮಕ್ಕಳು ಅವಳಿಗೆ ಇಟ್ಟ ಹೆಸರು ಆರು ಟೀಚರ್. "ಆರು ಟೀಚರ್ ಮನೇಲಿ ಒಲೆ ಹತ್ತೋದೇ ಇಲ್ವಂತೆ, ಬರೀ ಆರೋದೇ ಅಂತೆ" ಎಂದು ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದು ನಗುತ್ತಿದ್ದರು. ಅದೇ ಶಾಲೆಯಲ್ಲಿ, ಅದೇ ಬೆಂಚಿನ ತುದಿಯಲ್ಲಿ ಕೂತಿದ್ದ ನಾನೂ ಅವರ ಜೊತೆ ನಗಬೇಕಾಗುತ್ತಿತ್ತು. ನಗದಿದ್ದರೆ ಟೀಚರ್ ಮಗಳು ಚಾಡಿ ಹೇಳುತ್ತಾಳೆ ಅನ್ನುತ್ತಿದ್ದರು.

ಆರು ಬಂದ ಮಕ್ಕಳು ಪುಸ್ತಕವನ್ನು ತಲೆಯ ಮೇಲೆ ಎತ್ತಿ ಹಿಡಿದು ಬೀದಿಯುದ್ದಕ್ಕೂ ಕುಣಿದುಕೊಂಡು ಮನೆಗೆ ಹೋಗುತ್ತಿದ್ದರು. ನನಗೂ ಆರು ಬರುತ್ತಿತ್ತು, ಎಷ್ಟೋ ಸಲ ಬಂದಿದೆ. ಆದರೆ ನಾನು ಆ ಆರನ್ನು ನೋಡುತ್ತಿರಲಿಲ್ಲ, ಬಾರದ ನಾಲ್ಕನ್ನು ನೋಡುತ್ತಿದ್ದೆ. ಅವರಿಗೆ ಆರು ಎಂದರೆ ತುತ್ತತುದಿ. ನನಗೆ ಅರ್ಧ ದಾರಿಗಿಂತ ಒಂದು ಹೆಜ್ಜೆ ಮುಂದೆ. ಸ್ವಂತ ಮಗಳಿಗೂ ಇಷ್ಟೇನಾ ಎಂದು ಮುಖ ಊದಿಸಿಕೊಂಡೇ ದೊಡ್ಡವಳಾದೆ. ಹೇಳಿಕೊಳ್ಳುವಂಥ ಮುನಿಸಲ್ಲ ಇದು. ಮುಂದೆ ಆದದ್ದೆಲ್ಲ ಇದರಿಂದಲೇ ಆದದ್ದರಿಂದ ಮೊದಲಿಗೇ ಹೇಳಿಬಿಡುತ್ತಿದ್ದೇನೆ.

ನಾನು ಹದಿನೈದು ವರ್ಷದಿಂದ ಆಸ್ಪತ್ರೆಯೊಂದರಲ್ಲಿ ಸಹಾಯಕ ನರ್ಸ್. ಹಾಸಿಗೆ ಬದಲಿಸುವುದು, ಜ್ವರ ನೋಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಎಲ್ಲ ನಾನೇ ಮಾಡಿದರೂ ಚೀಟಿಯ ಕೊನೆಯಲ್ಲಿ ಸಹಿ ಹಾಕುವುದು ಮಾತ್ರ ಪೂರ್ತಿ ನರ್ಸ್ ಆದವರು. ಪೂರ್ತಿ ನರ್ಸ್ ಆಗಲು ಒಂದು ಪರೀಕ್ಷೆಯಿದೆ. ಬೆಳಿಗ್ಗೆ ಪ್ರಶ್ನೆಪತ್ರಿಕೆ, ಮಧ್ಯಾಹ್ನ ವಾರ್ಡಿನಲ್ಲಿ ಕಾಯಿಲೆಯವರನ್ನು ನೋಡಿ, ವಿಚಾರಿಸಿ, ನಾಡಿ ಹಿಡಿದು, ಹೊಟ್ಟೆ ಮುಟ್ಟಿ, ಇವರಿಗೆ ಏನಾಗಿರಬಹುದು, ಮೊದಲು ಏನು ಮಾಡಬೇಕು ಎಂದು ಬರೆಯುವ ಪರೀಕ್ಷೆ. ನಾನು ಎರಡು ಸಲ ಡುಮ್ಕಿ ಹೊಡೆದಿದ್ದೆ. ನಲವತ್ತು ದಾಟಿದರೆ ಕೂರಿಸುವುದಿಲ್ಲ, ನನಗೆ ಆಗಲೇ ಮೂವತ್ತೊಂಬತ್ತು. ಇದೇ ಕೊನೆಯ ಸಲ.

"ಯಾಕೆ ಫೇಲ್ ಆಗ್ತಿದ್ದೀಯ ಗೊತ್ತಾ?" ಅಂದಳು ಅಮ್ಮ. "ಗಿಳಿಪಾಠ ಒಪ್ಪಿಸ್ತೀಯ. ಎದುರಿಗೆ ಒಬ್ಬರು ಮನುಷ್ಯರು ಮಲಗಿದ್ರೆ ಗಾಬರಿ ಬೀಳ್ತೀಯ. ನಾನು ಮಲಗ್ತೀನಿ. ನನ್ನ ಮೇಲೆ ಅಭ್ಯಾಸ ಮಾಡು."

ಹೀಗೆ ಶುರುವಾಯಿತು ನಮ್ಮ ಮಧ್ಯಾಹ್ನದ ಪಾಠ. ಮನೆಯಲ್ಲಿ ಇರುವುದೇ ನಾವಿಬ್ಬರು. ಬೆಳಗಿನ ಪಾಳಿ ಮುಗಿಸಿ ಮೂರು ಗಂಟೆಗೆ ನಾನು ಬರುವ ಹೊತ್ತಿಗೆ ಅಮ್ಮ ಕಿಟಕಿಯ ಪಕ್ಕದ ಮಂಚಕ್ಕೆ ತೊಳೆದ ಹೊದಿಕೆ ಹಾಸಿ ತಯಾರಾಗಿರುತ್ತಿದ್ದಳು. ಎದುರಿನ ಗೋಡೆಯಲ್ಲಿ ನಿವೃತ್ತಿಯ ದಿನ ಶಾಲೆಯವರು ಕೊಟ್ಟ ದೊಡ್ಡ ಗಡಿಯಾರ. ಅದರ ಸೆಕೆಂಡಿನ ಮುಳ್ಳು ನೋಡಿಕೊಂಡು ನಾನು ನಾಡಿ ಎಣಿಸಬೇಕು. ನನ್ನ ಹತ್ತಿರ ಅಭ್ಯಾಸದ ಕಾರ್ಡುಗಳ ಒಂದು ಕಟ್ಟು ಇತ್ತು. ಒಂದೊಂದು ಕಾರ್ಡಿನಲ್ಲಿ ಒಂದೊಂದು ಕಾಯಿಲೆ, ಕಾಯಿಲೆಯವರ ವಯಸ್ಸು, ಅವರು ಹೇಳಬೇಕಾದ ಮಾತು. ಅಮ್ಮ ಕಣ್ಣು ಮುಚ್ಚಿ ಒಂದು ಕಾರ್ಡು ಎಳೆದು, ನನಗೆ ಕಾಣದಂತೆ ಓದಿಕೊಂಡು, ದಿಂಬಿನ ಕೆಳಗೆ ಸೇರಿಸಿ ನರಳಲು ಶುರು ಮಾಡುತ್ತಿದ್ದಳು.

ನಟನೆ ಮಾತ್ರ ದೇವರಿಗೇ ಪ್ರೀತಿ. ಉಬ್ಬಸದ ಕಾರ್ಡು ಬಂದ ದಿನ ಎರಡು ನಿಮಿಷ ಏದುಸಿರು ಬಿಟ್ಟಳು. ನಾನು "ಉಸಿರು ತಗೊಳ್ಳೋಕೆ ತೊಂದರೆಗಳು ಆಗ್ತಿದೆಯಾ?" ಅಂದದ್ದೇ ತಡ, ಉಬ್ಬಸ ಎಲ್ಲಿ ಹೋಯಿತೋ, ಎದ್ದು ಕೂತಳು. "ತೊಂದರೆಗಳು ಆಗ್ತಿವೆಯಾ ಅನ್ನು, ಇಲ್ಲಾ ತೊಂದರೆ ಆಗ್ತಿದೆಯಾ ಅನ್ನು. ಎರಡನ್ನೂ ಕಲಸಬೇಡ." ಹೇಳಿ ಮುಗಿಸಿ ಮತ್ತೆ ಮಲಗಿ ಏದುಸಿರು ಬಿಟ್ಟಳು.

ಇನ್ನೊಂದು ಕಟ್ಟಪ್ಪಣೆ ಇತ್ತು. ಪಾಠ ಶುರುವಾದ ಮೇಲೆ ಅವಳನ್ನು ನೀನು ಅನ್ನುವಂತಿಲ್ಲ.

"ಕಾಯಿಲೆಯವರಿಗೆ ಯಾರಾದ್ರೂ ನೀನು ಅಂತಾರಾ? ಒಂದು ಅಂಕ ಕಟ್."

"ಅಮ್ಮಾ, ನೀನು..."

"ನೀವು!"

ಸರಿ, ಮೂರರಿಂದ ನಾಲ್ಕರವರೆಗೆ ನನ್ನ ಅಮ್ಮ ನೀವು. ನಾಲ್ಕಕ್ಕೆ ಚಹಾ ಕುದಿಯುವಾಗ ಮತ್ತೆ ನೀನು.

ನೋವಿನ ಪ್ರಶ್ನೆಗೆ ಬಂದಾಗ ಅವಳದು ಬೇರೆಯೇ ರಗಳೆ. ಪುಸ್ತಕದಲ್ಲಿ ಒಂದು ಅಳತೆ ಇದೆ. ನೋವೇ ಇಲ್ಲದಿದ್ದರೆ ಸೊನ್ನೆ, ತಡೆಯಲಾರದಷ್ಟಿದ್ದರೆ ಹತ್ತು. ಒಂದರಿಂದ ಮೂರು ಅಲ್ಪ, ನಾಲ್ಕರಿಂದ ಆರು ಮಧ್ಯಮ, ಏಳರಿಂದ ಹತ್ತು ತೀವ್ರ. ತೀವ್ರವಾದರೆ ಕೂಡಲೇ ಡಾಕ್ಟರನ್ನು ಕರೆಯಬೇಕು. ಮಧ್ಯಮವಾದರೆ ಮಾತ್ರೆ ಕೊಟ್ಟು, ಒಂದು ಗಂಟೆ ಬಿಟ್ಟು ಮತ್ತೆ ವಿಚಾರಿಸಬೇಕು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಇನ್ನೊಂದು ಸಾಲು: ನೋವು ಎಷ್ಟೆಂದು ಹೇಳಬೇಕಾದವರು ಕಾಯಿಲೆಯವರೇ, ನರ್ಸ್ ಅಲ್ಲ. ನಾನು ಅದನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುವಷ್ಟು ಉರು ಹೊಡೆದಿದ್ದೆ.

"ನಿಮ್ಮ ನೋವಿಗೆ ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಿ?" ಎಂದು ನಾನು ಕೇಳಿದರೆ ಅಮ್ಮ ದಿಂಬಿನ ಕೆಳಗಿಂದ ಕಾರ್ಡು ತೆಗೆದು ನೋಡುತ್ತಿದ್ದಳು.

"ಇಲ್ಲಿ ಎಂಟು ಅಂತ ಹಾಕಿದ್ದಾರೆ. ಎಂಟು ಜಾಸ್ತಿ ಆಯ್ತು. ಕಾಲು ಮುರಿದಿದ್ದಕ್ಕೆ ಎಂಟಾ? ಐದು ಬರ್ಕೋ."

"ಅಮ್ಮಾ, ಕಾರ್ಡಲ್ಲಿ ಇದ್ದಷ್ಟು ಹೇಳಬೇಕು!"

"ಕೊಡೋಳು ನಾನಾ, ಕಾರ್ಡಾ?"

"ಎಂಥ ಕೈಬಿಗಿ ಹೆಂಗಸೋ ನೀನು! ನೋವಿಗೂ ಅಂಕ ಕೊಡಲ್ಲ" ಎಂದು ನಾನು ಬಿದ್ದು ಬಿದ್ದು ನಗುತ್ತಿದ್ದೆ. ನೀನು ಅಂದದ್ದಕ್ಕೆ ಒಂದು ಅಂಕ ಹೋಗುತ್ತಿತ್ತು.

ಹೀಗೆ ನನ್ನ ಬಾಯಿಂದಲೇ ಹೇಳಿದ್ದೆ. ಒಂದು ಸಲವಲ್ಲ, ಹತ್ತು ಹಲವು ಸಲ. ನಾನು ಹೇಳಿದ್ದು ನನಗೇ ಕೇಳಿಸಲಿಲ್ಲ.

ಪಾಠ ಮುಗಿದ ಮೇಲೆ ನಾನು ನೋಡಿದ್ದನ್ನೆಲ್ಲ ಒಂದು ಪುಟದಲ್ಲಿ ಬರೆಯಬೇಕು, ಅಮ್ಮ ತಿದ್ದಬೇಕು. ವೈದ್ಯದ ವಿಷಯ ಅವಳಿಗೆ ಗೊತ್ತಿಲ್ಲ, ಆದರೆ ಸಾಲು ಸರಿಯಿದೆಯೋ ಇಲ್ಲವೋ ಗೊತ್ತು. ಅವಳು ತಿದ್ದುವ ರೀತಿ ಶಾಲೆಯಲ್ಲಿದ್ದದ್ದೇ. ತಪ್ಪಾದ ಪದದ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಒಂದು ಗೆರೆ, ಅಷ್ಟೇ. ಸರಿ ಏನೆಂದು ಬರೆಯುವುದಿಲ್ಲ. ಏನು ತಪ್ಪು ಎಂದು ಕೇಳಿದರೆ ಒಂದೇ ಉತ್ತರ: "ಇನ್ನೊಂದ್ಸಲ ನೋಡು." ಬಿಡಿಸಿ ಹೇಳಿದರೆ ತಲೆಯಲ್ಲಿ ನಿಲ್ಲುವುದಿಲ್ಲ, ತಾನೇ ಹುಡುಕಿದರೆ ಸಾಯೋವರೆಗೂ ಮರೆಯುವುದಿಲ್ಲ ಎನ್ನುವುದು ಅವಳ ಸಿದ್ಧಾಂತ. ಶಾಲೆಯಲ್ಲಿ ನಾವು ಮಕ್ಕಳು ತಲೆ ಕೆರೆದುಕೊಳ್ಳುತ್ತಾ ಆ ಪದವನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದೆವು.

ಪರೀಕ್ಷೆಗೆ ಇನ್ನು ಹದಿನೆಂಟು ದಿನ ಇತ್ತು. ಅವತ್ತು ನಾನು ಬಂದಾಗ ಅಮ್ಮ ಆಗಲೇ ಮಂಚದ ಮೇಲೆ ಮಲಗಿದ್ದಳು. ಹೊದಿಕೆ ಬದಲಿಸಿರಲಿಲ್ಲ. ಕಾರ್ಡಿನ ಕಟ್ಟು ಕಪಾಟಿನಲ್ಲೇ ಇತ್ತು.

"ಇವತ್ತು ಕಾರ್ಡ್ ಬೇಡ" ಅಂದಳು. "ನಿಜವಾಗ್ಲೂ ಹೊಟ್ಟೆ ನೋವಿದೆ. ಬೆಳಗ್ಗೆಯಿಂದ."

ನನಗೆ ಖುಷಿಯಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಹೊಟ್ಟೆಯ ಪರೀಕ್ಷೆ ನನ್ನ ಕೈಗೆ ಹತ್ತದ ವಿಷಯ. ಹಿಂದಿನ ಸಲ ಅದರಲ್ಲೇ ಮುಗ್ಗರಿಸಿದ್ದೆ. ಮಿಕ್ಕ ಕಡೆ ಮೊದಲು ಮುಟ್ಟಿ, ಆಮೇಲೆ ಕೇಳಿಸಿಕೊಳ್ಳಬೇಕು. ಹೊಟ್ಟೆಗೆ ಮಾತ್ರ ಮೊದಲು ಕೇಳಿಸಿಕೊಂಡು, ಕೊನೆಗೆ ಮುಟ್ಟಬೇಕು. ಮೊದಲೇ ಒತ್ತಿದರೆ ಕರುಳಿನ ಸದ್ದು ಬದಲಾಗುತ್ತದೆ. ಈಗ ಮನೆಯಲ್ಲೇ ನಿಜವಾದ ಹೊಟ್ಟೆನೋವು ಸಿಕ್ಕಿತಲ್ಲ ಎಂದು ಚಪ್ಪಲಿ ಬಿಟ್ಟವಳೇ ಕೈ ತೊಳೆದುಕೊಂಡು ಬಂದು ನಿಂತೆ.

"ನಮಸ್ಕಾರ. ನಾನು ಇವತ್ತು ನಿಮ್ಮನ್ನ ನೋಡ್ಕೊಳ್ಳೋ ನರ್ಸ್. ನಿಮಗೆ ಎಲ್ಲಿ ನೋವಿದೆ, ಕೈಯಿಟ್ಟು ತೋರಿಸ್ತೀರಾ?"

ಅಮ್ಮ ಒಂದು ಗಳಿಗೆ ನನ್ನ ಮುಖ ನೋಡಿದಳು. ಆ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಮೇಲೆ ಅಂಗೈಯನ್ನು ಹೊಟ್ಟೆಯ ಮೇಲೆ ಅಗಲವಾಗಿ ಇಟ್ಟು, "ಇಲ್ಲೆಲ್ಲೋ. ಇಂಥದ್ದೇ ಜಾಗ ಅಂತ ಹೇಳೋಕಾಗಲ್ಲ" ಅಂದಳು.

ನಾನು ಎಲ್ಲವನ್ನೂ ಸರಿಯಾಗಿ ಮಾಡಿದೆ. ಮೊದಲು ನೋಡಿದೆ, ಆಮೇಲೆ ಕಿವಿಗೆ ಕೊಳವೆ ಹಚ್ಚಿ ಕೇಳಿಸಿಕೊಂಡೆ, ಕೊನೆಗೆ ಮೆಲ್ಲಗೆ ಒತ್ತಿದೆ. ಬಲಗಡೆ ಒತ್ತಿದಾಗ ಅವಳ ಕಾಲ್ಬೆರಳುಗಳು ಮಡಚಿಕೊಂಡವು. ಬಾಯಿಂದ ಸದ್ದು ಬರಲಿಲ್ಲ. ನಾನು ಬೆರಳು ಮಡಚಿದ್ದನ್ನು ನೋಡಿದೆ, ನೋಡಿ ಮುಂದಿನ ಪ್ರಶ್ನೆ ಯಾವುದೆಂದು ನೆನಪಿಸಿಕೊಂಡೆ.

"ನಿಮ್ಮ ನೋವಿಗೆ ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಿ?"

ಅಮ್ಮ ಉತ್ತರ ಪತ್ರಿಕೆಯ ಮುಂದೆ ಕೂತಾಗ ಯೋಚಿಸುವ ಹಾಗೆ ಯೋಚಿಸಿದಳು. ತುಟಿ ಬಿಗಿಹಿಡಿದು, ಗಡಿಯಾರದ ಕಡೆ ನೋಡುತ್ತಾ, ಒಂದಿಷ್ಟೂ ಹೆಚ್ಚು ಕಡಿಮೆ ಆಗಬಾರದು ಅನ್ನುವ ಹಾಗೆ.

"ಆರು" ಅಂದಳು.

ಆರು. ನನಗೆ ಗೊತ್ತಿದ್ದ ಆರು ಒಂದೇ. ನನ್ನ ಪುಸ್ತಕಗಳ ಮೇಲೆಲ್ಲ ಬರುತ್ತಿದ್ದ ಆರು, ಪರವಾಗಿಲ್ಲ ಇನ್ನೂ ಚೆನ್ನಾಗಿ ಮಾಡಬಹುದಿತ್ತು ಅನ್ನುವ ಆರು. ನಾನು ಬರೆದೆ: ನೋವು ಹತ್ತಕ್ಕೆ ಆರು, ಮಧ್ಯಮ. ಮಾತ್ರೆ ಕೊಟ್ಟು ಒಂದು ಗಂಟೆಯ ನಂತರ ಮತ್ತೆ ವಿಚಾರಿಸುವುದು. ನಾಡಿ ತೊಂಬತ್ತಾರು. ಜ್ವರ ತುಸು. ಹಾಳೆಯನ್ನು ಅವಳ ಕೈಗೆ ಕೊಟ್ಟು ಚಹಾ ಮಾಡಲು ಒಳಗೆ ಹೋದೆ.

ಬಂದು ನೋಡಿದರೆ ಇಡೀ ಹಾಳೆಯಲ್ಲಿ ಒಂದೇ ಕೆಂಪು ಗೆರೆ. "ಮಧ್ಯಮ" ಎನ್ನುವ ಪದದ ಕೆಳಗೆ.

ನಾನು ಆ ಪದವನ್ನು ನೋಡಿದೆ. ಮಹಾಪ್ರಾಣ ಬಿಟ್ಟು ಹೋಗಿ ಮದ್ಯ ಆಗಿದೆಯೇನೋ ಎಂದು ನೋಡಿದೆ. ಚಿಕ್ಕಂದಿನಲ್ಲಿ ಒಮ್ಮೆ ಹಾಗೆ ಬರೆದು ಇಡೀ ತರಗತಿಯನ್ನು ನಗಿಸಿದ್ದೆ. ಈಗ ಧ ಅಕ್ಷರದ ಹೊಟ್ಟೆ ಸೀಳಿದ್ದೆ, ಒತ್ತು ಸರಿಯಿತ್ತು, ಅಕ್ಷರ ಒಂದೂ ತಪ್ಪಿರಲಿಲ್ಲ.

"ಅಮ್ಮಾ, ಕನ್ನಡಕ ಹಾಕ್ಕೊಂಡು ತಿದ್ದಿದ್ಯಾ? ಮಧ್ಯಮ ಸರಿಯಾಗೇ ಇದೆ ನೋಡು."

"ಇನ್ನೊಂದ್ಸಲ ನೋಡು" ಅಂದಳು.

"ನೋಡಿದೆ. ಸರಿಯಾಗಿದೆ. ನಿನ್ನದೇ ತಪ್ಪು ಇವತ್ತು!" ಜೀವಮಾನದಲ್ಲಿ ಮೊದಲ ಸಲ ಅವಳ ತಪ್ಪನ್ನು ನಾನು ಹಿಡಿದಿದ್ದೆ. ಆ ಹುರುಪಿನಲ್ಲಿ ಲೋಟವನ್ನು ಅವಳ ಪಕ್ಕದಲ್ಲಿಟ್ಟು, ಮಾತ್ರೆ ಕೊಟ್ಟು, ಪುಸ್ತಕ ಹಿಡಿದು ಕೂತೆ. ಅಮ್ಮ ಗೋಡೆಯ ಕಡೆ ಮಗ್ಗುಲಾದಳು. ಚಹಾ ಹಾಗೇ ಆರಿ ಹೋಯಿತು.

ಒಂದು ಗಂಟೆಯ ನಂತರ ವಿಚಾರಿಸಿದೆ. ಪುಸ್ತಕ ಹೇಳಿತ್ತಲ್ಲ. "ಐದು" ಅಂದಳು. ಮಾತ್ರೆ ಕೆಲಸ ಮಾಡಿದೆ ಎಂದು ಬರೆದುಕೊಂಡೆ. ಸಂಜೆ ಮತ್ತೆ ಆರು. ಇನ್ನೊಂದು ಮಾತ್ರೆ ಕೊಟ್ಟೆ. ಏಳಾದರೆ ಡಾಕ್ಟರ ಹತ್ತಿರ ಹೋಗೋಣ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಏಳಾಗಲಿಲ್ಲ. ಹೇಗೆ ಆಗಬೇಕು? ಮೂವತ್ತೊಂದು ವರ್ಷ ಒಬ್ಬರಿಗೂ ಏಳು ಕೊಡದವಳು ತನ್ನ ಹೊಟ್ಟೆಗೆ ಮಾತ್ರ ಕೊಡುತ್ತಾಳೆಯೇ?

ಮಾರನೆಯ ದಿನ ಬೆಳಗಿನ ಪಾಳಿಗೆ ಹೋದೆ. ಹನ್ನೊಂದಕ್ಕೆ ಫೋನ್ ಮಾಡಿದೆ. "ಆರೇ ಇದೆ. ನೀನು ನಿನ್ನ ಕೆಲಸ ನೋಡು" ಅಂದಳು. ಧ್ವನಿ ಸಣ್ಣಗಿತ್ತು. ನಿದ್ದೆಯಿಂದ ಎದ್ದಿರಬೇಕು ಅಂದುಕೊಂಡೆ. ಮೂರಕ್ಕೆ ಮನೆಗೆ ಬಂದರೆ ಮಂಡಿಯನ್ನು ಎದೆಗೆ ಒತ್ತಿಕೊಂಡು ಮಲಗಿದ್ದಳು. ಮೈ ಸುಡುತ್ತಿತ್ತು, ತುಟಿ ಒಣಗಿ ಬಿರಿದಿತ್ತು. ಹೊಟ್ಟೆ ಮುಟ್ಟಲು ಹೋದರೆ ಕೈ ತಡೆದಳು. ಅಷ್ಟಾದ ಮೇಲೆ ನನಗೆ ಭಯವಾಯಿತು. ಬಾಡಿಗೆ ಗಾಡಿ ಹಿಡಿದು ನನ್ನದೇ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ತುರ್ತು ವಿಭಾಗದ ಬಾಗಿಲಲ್ಲಿ ಒಬ್ಬಳು ನರ್ಸ್ ಕೂತು, ಬಂದವರನ್ನು ಒಂದು ನಿಮಿಷ ನೋಡಿ, ಕೈಗೆ ಬಣ್ಣದ ಪಟ್ಟಿ ಕಟ್ಟುತ್ತಾಳೆ. ಕೆಂಪಾದರೆ ನೇರ ಒಳಗೆ, ಹಳದಿಯಾದರೆ ಸಾಲಿನಲ್ಲಿ ಕಾಯಬೇಕು. ಅವಳಿಗೆ ಅಮ್ಮನ ವಿಷಯ ಹೇಳಿದವಳು ನಾನೇ. ಪರೀಕ್ಷೆಯಲ್ಲಿ ಒಪ್ಪಿಸುವ ಹಾಗೆ, ಒಂದೂ ಬಿಡದ ಹಾಗೆ ಹೇಳಿದೆ. ವಯಸ್ಸು ಅರವತ್ತೆಂಟು, ಹೊಟ್ಟೆನೋವು ನಿನ್ನೆಯಿಂದ, ಜ್ವರ ನಿನ್ನೆ ತುಸು, ಇಂದು ಜಾಸ್ತಿ, ನೋವು ಹತ್ತಕ್ಕೆ ಆರು, ಮಧ್ಯಮ.

"ನೀನೇ ನೋಡಿದ್ದೀಯಲ್ಲ, ಇನ್ನೇನು ಚಿಂತೆ" ಎಂದು ಅವಳು ಹಳದಿ ಪಟ್ಟಿ ಕಟ್ಟಿದಳು.

ಓಣಿಯಂಥ ಆ ದಾರಿಯಲ್ಲಿ ಗಾಲಿಮಂಚದ ಮೇಲೆ ಅಮ್ಮ, ಪಕ್ಕದಲ್ಲಿ ನಾನು. ನಮ್ಮ ಮುಂದೆ ಒಂಬತ್ತು ಜನ. ಅಮ್ಮ ಎದುರಿನ ಗೋಡೆಯ ಸೂಚನಾ ಫಲಕವನ್ನೇ ನೋಡುತ್ತಿದ್ದಳು. "ಶಾಂತತೆ ಕಾಪಾಡಿ ಅಂತ ಬರ್ದಿದ್ದಾರೆ. ಶಾಂತಿ ಅಂದ್ರೆ ಸಾಕಿತ್ತು" ಅಂದಳು. ತಪ್ಪು ಹುಡುಕುವಷ್ಟು ಚೈತನ್ಯ ಇದೆಯಲ್ಲ ಎಂದು ನನಗೆ ಸಮಾಧಾನವಾಯಿತು. ಒಂದು ಗಂಟೆ ಇಪ್ಪತ್ತು ನಿಮಿಷ ನಾವು ಅಲ್ಲಿ ಕಾದೆವು.

ಆಗ ಗಾಲಿಯಣ್ಣ ಬಂದ. ನಮ್ಮ ಆಸ್ಪತ್ರೆಯಲ್ಲಿ ಗಾಲಿಮಂಚ ತಳ್ಳುವವನು, ಐವತ್ತರ ಆಸುಪಾಸಿನವನು, ಎಲ್ಲರೂ ಕರೆಯುವುದೇ ಹಾಗೆ. ಹದಿನೈದು ವರ್ಷದಿಂದ ದಿನಾ ನೋಡುವ ಮುಖ. ಅಮ್ಮನನ್ನು ಎಕ್ಸ್‌ರೇ ಕೋಣೆಯ ಸಾಲಿಗೆ ಸಾಗಿಸಲು ಬಂದವನು ಅವಳ ಮುಖ ನೋಡಿ ಹಾಗೇ ನಿಂತುಬಿಟ್ಟ.

"ಟೀಚರ್? ಆರು... ಅಲ್ಲ, ಟೀಚರ್, ನಾನು. ಏಳನೇ ಕ್ಲಾಸಲ್ಲಿ ಮೂರು ವರ್ಷ ಕೂತಿದ್ದೆನಲ್ಲ!"

ಅಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. "ಬಾಗಿಲ ಹತ್ರದ ಬೆಂಚು" ಅಂದಳು.

"ಹೌದು ಟೀಚರ್! ಅದೇ ಬೆಂಚು." ಅವನ ಮುಖ ಇಷ್ಟಗಲವಾಯಿತು. "ಏನಾಯ್ತು ನಿಮಗೆ? ನೋವು ಜಾಸ್ತಿ ಇದೆಯಾ?"

"ಆರು" ಅಂದಳು ಅಮ್ಮ.

ಗಾಲಿಯಣ್ಣನ ನಗು ಅಲ್ಲೇ ಇಳಿದು ಹೋಯಿತು. ಅವನು ನನ್ನ ಕಡೆ ತಿರುಗಿದ.

"ಯಾವಾಗಿಂದ ಆರು ಅಂತಿದ್ದಾರೆ?"

"ನಿನ್ನೆ ಮಧ್ಯಾಹ್ನದಿಂದ" ಅಂದೆ.

"ನಿನ್ನೆಯಿಂದನಾ! ಇವರು ಆರು ಅಂದ್ರೆ ಏನು ಅಂತ ಗೊತ್ತಿಲ್ವಾ ನಿಮಗೆ? ಇವರ ಹತ್ರ ಅದರ ಮೇಲೆ ಇಲ್ವೇ ಇಲ್ಲ ಕಣಮ್ಮ. ಮೂರು ಸಲ ಫೇಲ್ ಆದ ನನಗೇ ಗೊತ್ತು. ನೀವು ಇವರಿಗೆ ಏನಾಗಬೇಕು?"

"ಮಗಳು" ಅಂದೆ.

ಅವನು ಮಂಚದ ಕಂಬಿ ಹಿಡಿದು, "ದಾರಿ ಬಿಡ್ರೀ, ದಾರಿ!" ಎಂದು ಕೂಗುತ್ತಾ, ಸಾಲು ಗೀಲು ನೋಡದೆ, ಶಸ್ತ್ರಚಿಕಿತ್ಸೆಯ ಡಾಕ್ಟರು ಇದ್ದ ಕೋಣೆಗೆ ಓಡಿದ. ಮಂಚದ ಒಂದು ಗಾಲಿ ಸವೆದಿತ್ತು, ಕಟಕಟ ಸದ್ದು ಮಾಡುತ್ತಿತ್ತು. ನಾನು ಹಿಂದೆಯೇ ಓಡಿದೆ. ಆ ಕೆಂಪು ಗೆರೆ ನನ್ನ ಕಣ್ಣ ಮುಂದೆ ಬಂದದ್ದು ಆಗ. ಅಕ್ಷರ ಸರಿಯಿತ್ತು. ಪದವೇ ತಪ್ಪಾಗಿತ್ತು.

ಡಾಕ್ಟರು ಹೊಟ್ಟೆಯ ಮೇಲೆ ಒಂದು ಸಲ ಕೈಯಿಟ್ಟರು, ಅಷ್ಟೇ. ಅಪೆಂಡಿಕ್ಸ್ ಒಡೆದು ಕೀವು ಹೊಟ್ಟೆಯೊಳಗೆಲ್ಲ ಹರಡಿದೆ ಎಂದರು. ವಯಸ್ಸಾದವರಲ್ಲಿ ನೋವು ಒಂದೇ ಕಡೆ ನಿಲ್ಲುವುದಿಲ್ಲ, ಗೊತ್ತಾಗುವುದು ಕಷ್ಟ ಎಂದೂ ಹೇಳಿದರು. ಅದು ನನ್ನ ಸಮಾಧಾನಕ್ಕೆ ಹೇಳಿದ್ದು. "ನೋವು ಶುರುವಾಗಿದ್ದು ಯಾವಾಗ?" ಎಂದು ಮೂರು ಸಲ ಕೇಳಿದರು. ಮೂರು ಸಲವೂ ನಾನು ಅದೇ ಉತ್ತರ ಹೇಳಿದೆ. ಆ ಪ್ರಶ್ನೆಯನ್ನು ಮತ್ತೆ ಮತ್ತೆ ಯಾಕೆ ಕೇಳುತ್ತಾರೆ ಎಂದು ನಮ್ಮ ವೃತ್ತಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಶಸ್ತ್ರಚಿಕಿತ್ಸೆಯೇನೋ ಆಯಿತು. ಆದರೆ ನಂಜು ರಕ್ತಕ್ಕೆ ಸೇರಿತ್ತು. ಮೂರನೆಯ ದಿನ ಬೆಳಿಗ್ಗೆ ಅಮ್ಮನಿಗೆ ಚೆನ್ನಾಗಿ ಎಚ್ಚರವಾಯಿತು. ಬಿಸಿಲು ಅವಳ ಪಾದದ ಮೇಲೆ ಬಿದ್ದಿತ್ತು. ನಾನು ಮಂಚದ ಅಂಚಿನಲ್ಲಿ ಕೂತೆ. ನರ್ಸುಗಳು ಅಲ್ಲಿ ಕೂರಬಾರದು ಎಂದು ನಿಯಮ ಇದೆ. ಅವತ್ತು ನಾನು ನರ್ಸ್ ಆಗಿರಲಿಲ್ಲ.

"ಯಾಕಮ್ಮ ನೀನು ಹತ್ತು ಅನ್ನಲಿಲ್ಲ?"

ಅಮ್ಮ ತಲೆ ಅಲ್ಲಾಡಿಸಿದಳು. "ಹತ್ತು ಕೊಟ್ಟುಬಿಟ್ರೆ ಇನ್ನೂ ಜಾಸ್ತಿ ಆದಾಗ ಏನು ಕೊಡ್ಲಿ?"

ಇದೇ ಮಾತನ್ನು ಅವಳು ಶಾಲೆಯಲ್ಲಿ ಹೇಳುತ್ತಿದ್ದಳು. ಇವತ್ತೇ ಹತ್ತು ಕೊಟ್ಟರೆ ನಾಳೆ ಇನ್ನೂ ಚೆನ್ನಾಗಿ ಬರೆದಾಗ ಏನು ಕೊಡಲಿ ಎಂದು. ಆಗ ಅದು ನನಗೆ ಜಿಪುಣತನದ ಮಾತಾಗಿ ಕೇಳಿಸುತ್ತಿತ್ತು.

"ನೋವು ತಡೆಯೋಕಾಗ್ತಿಲ್ಲ ಅಂತ ಆದ್ರೂ ಹೇಳಬಾರದಿತ್ತಾ?"

"ಗೆರೆ ಎಳೆದಿದ್ದೆ."

"ಅಕ್ಷರ ನೋಡಿದೆ ಅಮ್ಮ. ಬರೀ ಅಕ್ಷರ ನೋಡಿದೆ."

ಅವಳು ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡಳು. ಅವಳ ನಾಡಿ ನೂರಮೂವತ್ತರ ಮೇಲಿತ್ತು, ಎಣಿಸದೆಯೇ ಗೊತ್ತಾಗುತ್ತಿತ್ತು.

"ನಾನೂ ಒಂದ್ಸಲ ಬಿಡಿಸಿ ಹೇಳಬೇಕಿತ್ತು ಪುಟ್ಟಿ" ಅಂದಳು. "ನೀನು ನೀವು ನೀವು ಅಂತ ಅಷ್ಟು ಚೆನ್ನಾಗಿ ಕೇಳ್ತಿದ್ದೆ. ಮಧ್ಯದಲ್ಲಿ ನಿಲ್ಲಿಸೋಕೆ ಮನಸ್ಸು ಬರಲಿಲ್ಲ."

ನಾನು ಅಳುತ್ತಿದ್ದೆ. ನೀನು ಎಂದು ಕೇಳಿದ್ದರೆ ಹೇಳುತ್ತಿದ್ದಳು. ಪಾಠದ ಹೊತ್ತು ಮುಗಿದ ಮೇಲೆ, ಲೋಟ ಪಕ್ಕದಲ್ಲಿಟ್ಟು, ಏನಮ್ಮಾ ತುಂಬಾ ನೋಯ್ತಿದೆಯಾ ನಿನಗೆ ಎಂದು ಮಗಳು ಕೇಳುವ ಹಾಗೆ ಒಂದೇ ಒಂದು ಸಲ ಕೇಳಿದ್ದರೆ ಸಾಕಿತ್ತು. ಒಂದು ಗಂಟೆ ಬಿಟ್ಟು ಕೇಳಿದೆ, ಸಂಜೆ ಕೇಳಿದೆ, ಫೋನಿನಲ್ಲಿ ಕೇಳಿದೆ. ಎಲ್ಲ ಸಲವೂ ಎಷ್ಟು ಎಂದೇ ಕೇಳಿದೆ.

ಐದನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ, ನಮ್ಮ ಪಾಠದ ಹೊತ್ತಿಗೆ, ಅಮ್ಮ ತೀರಿಕೊಂಡಳು. ಮಂಚವನ್ನು ಕೆಳಗೆ ಒಯ್ದವನು ಗಾಲಿಯಣ್ಣ. ಈ ಸಲ ಬಹಳ ನಿಧಾನವಾಗಿ ತಳ್ಳಿದ. ಸವೆದ ಗಾಲಿಯನ್ನು ಯಾರೋ ಬದಲಿಸಿದ್ದರು, ಸದ್ದಿರಲಿಲ್ಲ. ಲಿಫ್ಟಿನ ಮುಂದೆ ನಿಂತಾಗ, "ನನಗೆ ಒಂದೇ ಒಂದು ಸಲ ಆರು ಕೊಟ್ಟಿದ್ರು. ಆ ಪುಸ್ತಕ ಈಗಲೂ ಇಟ್ಕೊಂಡಿದ್ದೀನಿ" ಅಂದ. ನನ್ನ ಹತ್ತಿರ ಎಷ್ಟೊಂದು ಆರು ಇದ್ದವು. ಒಂದನ್ನೂ ಇಟ್ಟುಕೊಂಡಿರಲಿಲ್ಲ.

ಪರೀಕ್ಷೆಗೆ ಹೋಗುವುದಿಲ್ಲ ಅಂದುಕೊಂಡಿದ್ದೆ. ಆ ದಿನ ಬೆಳಿಗ್ಗೆ ಎದ್ದಾಗ ಕೈ ತಾನಾಗಿಯೇ ತಲೆ ಬಾಚಿತು, ಕಾಲು ತಾನಾಗಿಯೇ ಬಸ್ಸು ಹತ್ತಿತು. ನೂರಾರು ಜನ ಕೂತಿದ್ದ ದೊಡ್ಡ ಕೋಣೆ. ಅಲುಗುವ ಮೇಜು. ಮುಂದಿನ ಸಾಲಿನ ಹುಡುಗಿ ಕಾಗದ ಮಡಚಿ ಮೇಜಿನ ಕಾಲಿಗೆ ಕೊಟ್ಟು ನಕ್ಕಳು. ಪ್ರಶ್ನೆಗಳು ನೀರು ಕುಡಿದಷ್ಟು ಸುಲಭವಾಗಿದ್ದವು. ಅಮ್ಮ ತಿದ್ದಿದ ಸಾಲುಗಳೇ ಒಂದೊಂದಾಗಿ ಕೈಗೆ ಬಂದವು. ಎಲ್ಲೂ ತೊಂದರೆಗಳು ಆಗುತ್ತಿದೆ ಎಂದು ಬರೆಯಲಿಲ್ಲ.

ಇಪ್ಪತ್ತಮೂರನೆಯ ಪ್ರಶ್ನೆ ಹೀಗಿತ್ತು: ಹೊಟ್ಟೆನೋವೆಂದು ಬಂದಿರುವ ವಯಸ್ಸಾದ ಮಹಿಳೆಯೊಬ್ಬರು ತಮ್ಮ ನೋವಿಗೆ ಹತ್ತಕ್ಕೆ ಆರು ಎನ್ನುತ್ತಾರೆ. ಈ ನೋವು ಯಾವ ದರ್ಜೆಯದು? ಒಂದು ಪದದಲ್ಲಿ ಉತ್ತರಿಸಿ.

ಪೆನ್ನು ಕೆಳಗಿಟ್ಟೆ. ಮೇಲ್ವಿಚಾರಕಿ ಎರಡು ಸಲ ನನ್ನ ಪಕ್ಕದಲ್ಲಿ ಹಾದು ಹೋದರು. ಆ ಮಹಿಳೆ ಯಾರು, ಏನು ಕೆಲಸ ಮಾಡುತ್ತಿದ್ದರು, ಆರು ಅನ್ನುವ ಮುಂಚೆ ಎಷ್ಟು ಹೊತ್ತು ಯೋಚಿಸಿದರು, ಕಾಲ್ಬೆರಳು ಮಡಚಿದರೇ? ಪ್ರಶ್ನೆಯಲ್ಲಿ ಇದ್ಯಾವುದೂ ಇರಲಿಲ್ಲ, ಉತ್ತರಕ್ಕೆ ಜಾಗ ಇದ್ದದ್ದು ಒಂದೇ ಪದಕ್ಕೆ. ಅವರಿಗೆ ಬೇಕಾದ ಪದ ಯಾವುದೆಂದು ನನಗೆ ಗೊತ್ತಿತ್ತು.

ಬರೆದೆ. ಹೊಟ್ಟೆ ಸೀಳಿ, ಒತ್ತು ಕೊಟ್ಟು, ಅಕ್ಷರ ಒಂದೂ ತಪ್ಪದ ಹಾಗೆ "ಮಧ್ಯಮ" ಎಂದು ಬರೆದೆ. ಬರೆದು, ಅದರ ಕೆಳಗೆ ಒಂದು ಗೆರೆ ಎಳೆದೆ. ಕೆಂಪು ಪೆನ್ಸಿಲ್ ಒಳಗೆ ಬಿಡುವುದಿಲ್ಲ, ನೀಲಿಯಲ್ಲೇ ಎಳೆದೆ.

ಮಧ್ಯಾಹ್ನದ ವಾರ್ಡಿನ ಪರೀಕ್ಷೆಯೂ ಮುಗಿಯಿತು. ಪಾಸಾದೆ. ಪಾಸಾದವರು ಕೇಳಿದರೆ ಉತ್ತರ ಪತ್ರಿಕೆ ತೋರಿಸುತ್ತಾರೆ. ಹೋಗಿ ನೋಡಿದೆ. ಇಪ್ಪತ್ತಮೂರನೆಯ ಪ್ರಶ್ನೆಗೆ ಪೂರ್ತಿ ಅಂಕ ಕೊಟ್ಟಿದ್ದರು. ಪಕ್ಕದಲ್ಲಿ ಮೌಲ್ಯಮಾಪಕರು ಸಣ್ಣ ಅಕ್ಷರದಲ್ಲಿ ಬರೆದಿದ್ದರು: ಮುಖ್ಯ ಪದಕ್ಕೆ ಗೆರೆ ಎಳೆದಿದ್ದೀರಿ, ಒಳ್ಳೆಯ ಅಭ್ಯಾಸ.